ಕೈ ಹೋಗದ ಜಾಗದ ಬೋಲ್ಟು

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದು ಎಂಟು ತಿಂಗಳಾಗಿತ್ತು. ಬಿಡದಿ ಕೈಗಾರಿಕಾ ಪ್ರದೇಶದ ಗೇಟುಗಳಲ್ಲಿ ರೆಸ್ಯೂಮೆ ಕೊಟ್ಟು ಕೊಟ್ಟು ಸಾಕಾಗಿತ್ತು. ‘ಮನೇಲಿ ಕೂತು ಮೊಬೈಲ್ ಉಜ್ಜೋ ಬದಲು ಗ್ಯಾರೇಜಿಗಾದ್ರೂ ಬಾ’ ಎಂದರು ಮಾವ. ರಾಮನಗರದಲ್ಲಿ ಹಳೇ ಮೈಸೂರು ರಸ್ತೆಯ ಪಕ್ಕ ಅವರದೊಂದು ಪುಟ್ಟ ಗ್ಯಾರೇಜ್. ಡಿಪ್ಲೊಮಾ ಓದಿದವನು ಗ್ರೀಸ್ ಮೆತ್ತಿಕೊಳ್ಳಬೇಕಾ ಎಂಬ ಬಿಗುಮಾನದಲ್ಲೇ ಹೋದೆ.

ಮೂರನೇ ವಾರ ಕನಕಪುರದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ತಂದು ನಿಲ್ಲಿಸಿದರು. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು ಅದು. ವಿನ್ಯಾಸ ಇಟಲಿಯ ಮಿಕೆಲೊಟ್ಟಿಯದು. ಇದೇ ಹೆರಾಲ್ಡನ್ನು ಆಧಾರವಾಗಿಟ್ಟುಕೊಂಡು ಬ್ರಿಟನ್ನಿನ ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೊರತಂದಿತು. ಹೆರಾಲ್ಡ್ ಬಿಚ್ಚಲು ಕಲಿತವನು ಸ್ಪಿಟ್‌ಫೈರನ್ನೂ ಅರ್ಧ ಕಲಿತ ಹಾಗೆ.

‘ಮಾಗಡಿ ಕಡೆ ಏರು ಬಂದ್ರೆ ಎಂಜಿನ್ ಕೂಗುತ್ತೆ, ಕಾರು ಮುಂದಕ್ಕೇ ಹೋಗಲ್ಲ’ ಎಂದರು ಮೇಷ್ಟ್ರು. ಕ್ಲಚ್ ಪ್ಲೇಟ್ ಸವೆದಿದೆ ಎಂದು ನನಗೆ ಗೊತ್ತಾಯಿತು. ಹೆರಾಲ್ಡ್‌ನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಟೈರಿನ ಮೇಲೇ ಕೂತು ಎಂಜಿನ್ ಕೆಲಸ ಮಾಡಬಹುದು. ಇಷ್ಟು ಬಟಾಬಯಲಾದ ಕಾರಿನಲ್ಲಿ ಕೈಗೆ ಸಿಗದ್ದು ಏನಿದೆ ಎಂದುಕೊಂಡೆ.

ಇತ್ತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಸುತ್ತ ಬೋಲ್ಟುಗಳಿವೆ. ಕೆಳಗಿನವು ಸುಲಭ. ಮೇಲಿನವು ಎಂಜಿನ್ನಿಗೂ ಹಿಂದಿನ ತಗಡಿನ ಗೋಡೆಗೂ ನಡುವಿನ ಸಂದಿಯಲ್ಲಿ ಅಡಗಿವೆ. ಕಣ್ಣಿಗೆ ಕಾಣದೆ, ಬೆರಳಲ್ಲಿ ತಡಕಿ 13 ಎಂ.ಎಂ. ಪಾನಾ ಸಿಕ್ಕಿಸಿ ಜೋರಾಗಿ ಎಳೆದೆ. ಪಾನಾ ಜಾರಿ ಕೈಗೆಣ್ಣು ಕಿತ್ತುಬಂತು. ಬೋಲ್ಟಿನ ಮೂಲೆಗಳು ಸವೆದು ಗುಂಡಗಾದವು.

ಮೇಸ್ತ್ರಿ ಬಂದು ನೋಡಿದರು. ಅವರು ಓದಿದ್ದು ಆರನೇ ಕ್ಲಾಸು. ‘ಇದು ಇಂಚಿನ ಗಾಡಿ ಕಣೋ’ ಎಂದರು. ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7 ಎಂ.ಎಂ. ನನ್ನ ಪಾನಾ 0.3 ಎಂ.ಎಂ. ಸಡಿಲ. ಪರೀಕ್ಷೆಯಲ್ಲಿ ಎಷ್ಟೋ ಸಲ ಇಂಚನ್ನು ಮಿಲಿಮೀಟರಿಗೆ ಬದಲಿಸಿದ್ದೆ, ಕೈಯಲ್ಲಿ ಪಾನಾ ಹಿಡಿದಾಗ ಮಾತ್ರ ಅದು ನೆನಪಾಗಲಿಲ್ಲ.

‘ಈಗ ಸೀಟು ಬಿಚ್ಚು’ ಎಂದರು. ಸೀಟು ಯಾಕೆ? ಈ ಕಾರಿನ ಗೇರ್‌ಬಾಕ್ಸ್ ಹೊರಬರುವುದು ಕೆಳಗಿನಿಂದಲ್ಲ, ಕಾರಿನ ಒಳಗಿನಿಂದ! ಸೀಟು, ಮ್ಯಾಟ್, ನಡುವಿನ ಗೇರ್‌ಬಾಕ್ಸ್ ಕವರ್ ತೆಗೆದಾಗ, ಎರಡು ಗಂಟೆ ನಾನು ತಡಕಾಡಿದ್ದ ಬೋಲ್ಟು ಎದುರಿಗೇ ಇತ್ತು. ಮೇಸ್ತ್ರಿ ಅದರ ಗುಂಡಗಾದ ತಲೆಗೆ ಆರು ಮೂಲೆಯ 12 ಎಂ.ಎಂ. ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಎರಡು ಎಕ್ಸ್‌ಟೆನ್ಶನ್ ರಾಡ್ ಜೋಡಿಸಿ ತಿರುಗಿಸಿದರು. ಟಕ್ ಎಂದು ಸಡಿಲವಾಯಿತು.

ಅದರ ಪಕ್ಕದ ಎರಡು ತೂತುಗಳು ಖಾಲಿಯಿದ್ದವು. ಹಿಂದೆಂದೋ ಬಿಚ್ಚಿದವರು, ಕೈ ಹೋಗಲ್ಲವೆಂದು ಬೋಲ್ಟು ಹಾಕದೆಯೇ ಮುಚ್ಚಿದ್ದರು.

ಚನ್ನಪಟ್ಟಣದ ‘ಆಟಿಕೆ’

ಹೊಸ ಕ್ಲಚ್ ಪ್ಲೇಟ್ ಸರಿಯಾಗಿ ಮಧ್ಯಕ್ಕೆ ಕೂರದಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ಹಾಗೆ ಕೂರಿಸಲು ಶಾಫ್ಟಿನದೇ ಅಳತೆಯ ಒಂದು ಗೂಟ ಬೇಕು. ಮೇಸ್ತ್ರಿ ವರ್ನಿಯರ್ ನನ್ನ ಕೈಗಿತ್ತರು. ಅಳೆದು ಹಾಳೆಯ ಮೇಲೆ ಚಿತ್ರ ಬರೆದೆ. ಎಂಜಿನಿಯರಿಂಗ್ ಡ್ರಾಯಿಂಗ್ ಮೊದಲ ಸಲ ಉಪಯೋಗಕ್ಕೆ ಬಂತು.

ಚಿತ್ರ ಹಿಡಿದು ಚನ್ನಪಟ್ಟಣಕ್ಕೆ ಹೋದೆ. ಬುಗುರಿ, ಗಿಲಕಿ ಕಡೆಯುತ್ತಿದ್ದ ಕುಶಲಕರ್ಮಿಯೊಬ್ಬರು ‘ಇದ್ಯಾವ ಆಟಿಕೆಯಪ್ಪಾ?’ ಎಂದು ನಕ್ಕರು. ಹಾಲೆಮರದ ತುಂಡನ್ನು ಲೇತಿಗೆ ಕಟ್ಟಿ, ಉಳಿ ಹಿಡಿದು, ನಡುನಡುವೆ ಅಳೆಯುತ್ತಾ ಕಡೆದುಕೊಟ್ಟರು. ಎರಡನೇ ಪ್ರಯತ್ನಕ್ಕೆ ಗೇರ್‌ಬಾಕ್ಸ್ ಜಾರಿ ಒಳಗೆ ಕೂತಿತು.

ಉಳಿದದ್ದು ಆ ಎರಡು ಖಾಲಿ ತೂತು. ನಮ್ಮಲ್ಲಿದ್ದ 8 ಎಂ.ಎಂ. ಬೋಲ್ಟುಗಳ ಮರೆ ಅದಕ್ಕೆ ಹೊಂದುವುದಿಲ್ಲ. ಮೇಷ್ಟ್ರು ಬೇರೆ ಅವಸರದಲ್ಲಿದ್ದರು. ‘ಇಷ್ಟು ವರ್ಷ ಇಲ್ಲದೇನೇ ಓಡಿದೆಯಲ್ಲ, ಮುಚ್ಚಿಬಿಡೋಣ’ ಎಂದೆ. ಮೇಸ್ತ್ರಿ ಸಿಟ್ಟಾಗಲಿಲ್ಲ. ಸೀಮೆಸುಣ್ಣ ಕೊಟ್ಟು, ‘ಸರಿ, ಆ ತೂತಿನ ಪಕ್ಕ ನಿನ್ನ ಹೆಸರು ಬರೆದು ಮುಚ್ಚು’ ಎಂದರು.

ಬರೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಂಗಡಿ ಅಂಗಡಿ ತಿರುಗಿ ಇಂಚಿನ ಬೋಲ್ಟು ತಂದೆ. ನಾನು ಹಾಳು ಮಾಡಿದ್ದಕ್ಕೂ ಸೇರಿ ಒಟ್ಟು ಮೂರು. ಬೋಲ್ಟಿಗಿಂತ ಬಸ್ ಚಾರ್ಜೇ ಹೆಚ್ಚಾಯಿತು. ಮೂರನ್ನೂ ನಾನೇ ಬಿಗಿದೆ. ಮೇಲೆ ಕವರ್, ಮ್ಯಾಟ್, ಸೀಟು ಬಂದವು. ಇನ್ನು ಅವು ಯಾರಿಗೂ ಕಾಣುವುದಿಲ್ಲ.

ಕಳೆದ ತಿಂಗಳು ಒಂದು ಕಾರ್ಖಾನೆಯ ಸಂದರ್ಶನದಲ್ಲಿ ‘ಈ ಗ್ಯಾಪ್‌ನಲ್ಲಿ ಏನು ಮಾಡಿದ್ರಿ?’ ಎಂದು ಕೇಳಿದರು. ಮೊದಲಾಗಿದ್ದರೆ ತಡವರಿಸುತ್ತಿದ್ದೆ. ಈ ಸಲ 13 ಎಂ.ಎಂ. ಪಾನಾದ ಕಥೆಯನ್ನು, ಬೋಲ್ಟು ಹಾಳು ಮಾಡಿದ್ದನ್ನೂ ಬಿಡದೆ ಹೇಳಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಗ್ಯಾರೇಜಿಗೆ ಹೋಗುತ್ತೇನೆ, ಬಿಗುಮಾನವನ್ನು ಮನೆಯಲ್ಲೇ ಬಿಟ್ಟು. ಹಾಲೆಮರದ ಆ ಗೂಟ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಅದರ ಮೇಲೆ ‘ಹೆರಾಲ್ಡ್’ ಎಂದು ಬರೆದಿಟ್ಟಿದ್ದೇನೆ, ಕೆಳಗೆ ನನ್ನ ಹೆಸರನ್ನೂ.