ಕಿವಿಹಾಲೆಯ ಗಂಟು

ಕಿವಿಹಾಲೆಯ ಗಂಟು ಎಂದರೆ ಹೊರಕಿವಿಯ ಮೆತ್ತನೆಯ ಕೆಳತುದಿಯಲ್ಲಿ ಕಾಣಿಸಿಕೊಳ್ಳುವ ಉಬ್ಬು. ಇದು ಬಹುಮಟ್ಟಿಗೆ ನಿರಪಾಯಕಾರಿ. ಒತ್ತಿದಾಗ ಚರ್ಮದಡಿ ತುಸು ಸರಿದಾಡುವ ದುಂಡನೆಯ ಗಂಟು ಸಾಮಾನ್ಯವಾಗಿ ಎಪಿಡರ್ಮಾಯ್ಡ್ ಸಿಸ್ಟ್ ಆಗಿರುತ್ತದೆ. ಜನರು ಇದನ್ನು ಕೊಬ್ಬಿನ ಗಂಟೆಂದು ಕರೆಯುವುದುಂಟು. ಆದರೆ ಈ ಚೀಲದೊಳಗೆ ತುಂಬಿರುವುದು ಕೊಬ್ಬಲ್ಲ, ಚರ್ಮಕೋಶಗಳಿಂದ ಶೇಖರವಾದ ಕೆರಟಿನ್.

ಕಿವಿ ಚುಚ್ಚಿಸಿದ ಕೆಲವು ತಿಂಗಳ ಬಳಿಕ ಗಾಯದ ಎಲ್ಲೆಯನ್ನೂ ಮೀರಿ ಬೆಳೆಯುವ ಗಟ್ಟಿ ಉಬ್ಬು ಕೀಲಾಯ್ಡ್. ಕಪ್ಪು ಮೈಬಣ್ಣದವರಲ್ಲಿ ಇದು ಹೆಚ್ಚು, ವಂಶಪಾರಂಪರ್ಯವೂ ಕಾರಣವಾಗಬಹುದು. ಓಲೆಯಲ್ಲಿನ ನಿಕ್ಕಲ್ ಲೋಹದ ಅಲರ್ಜಿಯಿಂದಲೂ ಹಾಲೆ ಊದಿಕೊಂಡು ತುರಿಸುತ್ತದೆ.

ಊದಿಕೊಂಡ ಸಿಸ್ಟ್‌ಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ದಿನಕ್ಕೆ 3–4 ಬಾರಿ, ಪ್ರತಿ ಬಾರಿ 10–15 ನಿಮಿಷ ಶಾಖ ಕೊಡಬಹುದು. ಮನೆಯಲ್ಲಿ ಮಾಡಬಹುದಾದದ್ದು ಹೆಚ್ಚುಕಡಿಮೆ ಇಷ್ಟೇ. ಗಂಟನ್ನು ಹಿಸುಕಬಾರದು, ಚೀಲವು ಚರ್ಮದೊಳಗೇ ಒಡೆದರೆ ಊತ ಹೆಚ್ಚುತ್ತದೆ, ಹೊರಗೆ ಒಡೆದರೂ ಅದರ ಗೋಡೆ ಉಳಿದು ಗಂಟು ಮರುಕಳಿಸಬಹುದು. ಸುಣ್ಣ ಹಚ್ಚುವ ರೂಢಿಯಿಂದ ಚರ್ಮ ಸುಡುವ ಅಪಾಯವಿದೆ.

ಕೀಲಾಯ್ಡ್ ಶಾಖದಿಂದ ಕರಗುವುದಿಲ್ಲ. ಕೇವಲ ಕತ್ತರಿಸಿ ತೆಗೆದರೆ ಮತ್ತೆ ಬೆಳೆಯುವ ಸಂಭವ ಹೆಚ್ಚಾದ್ದರಿಂದ ವೈದ್ಯರು ಸ್ಟೀರಾಯ್ಡ್ ಚುಚ್ಚುಮದ್ದನ್ನೋ ಹಾಲೆಯನ್ನು ಒತ್ತಿಹಿಡಿಯುವ ವಿಶೇಷ ಓಲೆಯನ್ನೋ ಜೊತೆಗೆ ಸೂಚಿಸುತ್ತಾರೆ. ಜ್ವರ, ಕೀವು, ಹರಡುತ್ತಿರುವ ಕೆಂಪು ಅಥವಾ ಗಂಟಿನ ಶೀಘ್ರ ಬೆಳವಣಿಗೆ ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.