ಹವಾಗುಣದ ಮಾರ್ಪಾಟೂ ಕಾಡುಜೀವಿಗಳ ಗಂಡಾಂತರವೂ

ಬೇಸಿಗೆಯು ಬರಬರುತ್ತ ಬಲಿಯುತ್ತಿರುವುದನ್ನೂ ಮಳೆಯು ತನ್ನ ಕಾಲವನ್ನು ತಪ್ಪಿ ಸುರಿಯುತ್ತಿರುವುದನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಕಂಡೇ ಇರುವರು. ಇದರಿಂದ ಮನುಷ್ಯನಿಗೊದಗುವ ಕಷ್ಟನಷ್ಟಗಳನ್ನು ಕುರಿತು ದಿನಪತ್ರಿಕೆಗಳು ಬರೆಯುತ್ತಲೇ ಇವೆ. ಆದರೆ ಮಾತು ಬಾರದ ಕಾಡುಜೀವಿಗಳ ಪಾಡೇನು? ಅವೆಲ್ಲವೂ ಸಮನಾಗಿ ಬಾಧೆಗೊಳಗಾಗುವುವೇ? ಇಲ್ಲವಾದರೆ ಯಾವ ಜೀವಿಗೆ ಅಪಾಯ ಹೆಚ್ಚು, ಯಾವುದಕ್ಕೆ ಕಡಮೆ ಎಂಬುದನ್ನು ಶಾಸ್ತ್ರಜ್ಞರು ಮುಂದಾಗಿ ತಿಳಿಯುವ ಬಗೆ ಹೇಗೆ? ಇದನ್ನು ಈ ಸಂಚಿಕೆಯ ವಾಚಕರಿಗೆ ಸಂಕ್ಷೇಪವಾಗಿ ತಿಳಿಸಬೇಕೆಂದು ನಾವು ಎಣಿಸಿದ್ದೇವೆ.

ಮೊದಲು ಮನೆಯ ಅಂಗಳದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಒಂದು ಮಧ್ಯಾಹ್ನ ಅಂಗಳದಲ್ಲಿ ಹಲವು ವಸ್ತುಗಳನ್ನು ಒಣಗಲಿಟ್ಟಿರುವಾಗ ಫಕ್ಕನೆ ಮಳೆ ಬಂತೆನ್ನಿರಿ. ಜಗಲಿಯ ಮಾಡಿನ ಕೆಳಗಿದ್ದ ಮೆಣಸಿಗೆ ಹನಿಯೇ ತಾಗಲಿಲ್ಲ. ತಾಮ್ರದ ಕೊಡ ಪೂರ್ತಿ ತೊಯ್ದರೂ ಅದಕ್ಕೆ ಕೇಡಿಲ್ಲ. ಚಾಪೆಯ ಮೇಲಿದ್ದ ಹಪ್ಪಳವು ನೀರಿಗೆ ಕೆಡುವ ಪದಾರ್ಥವಾದರೂ ಚಾಪೆಯೊಡನೆ ಅದನ್ನು ಒಳಕ್ಕೆ ಒಯ್ಯಬಹುದು. ಅಂಗಳದ ತುಂಬ ಹರವಿದ ಭತ್ತಕ್ಕಾದರೋ ಆ ಸೌಕರ್ಯವಿಲ್ಲ, ಕೆಟ್ಟುಹೋಗುವುದು ಅದೇ. ಮಳೆ ಒಂದೇ ಆದರೂ ಫಲ ನಾಲ್ಕು ಬಗೆಯಾಯಿತು. ಕಾಡುಜೀವಿಗಳ ವಿಷಯದಲ್ಲಿಯೂ ಶಾಸ್ತ್ರಜ್ಞರು ಇಂಥವೇ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಮಾರ್ಪಾಟು ಆ ಜೀವಿಯನ್ನು ಎಷ್ಟರಮಟ್ಟಿಗೆ ಮುಟ್ಟುವುದು? ಮುಟ್ಟಿದರೆ ಅದರ ದೇಹಕ್ಕೂ ಬಾಳಿಗೂ ಎಷ್ಟು ನಾಟುವುದು? ನಾಟಿದರೆ ಸ್ಥಳವನ್ನೋ ನಡೆವಳಿಕೆಯನ್ನೋ ಬದಲಿಸಿಕೊಂಡು ತಪ್ಪಿಸಿಕೊಳ್ಳುವ ಶಕ್ತಿ ಅದಕ್ಕೆ ಉಂಟೋ?

ಮೊದಲನೆಯ ಪ್ರಶ್ನೆಗೆ ಉತ್ತರವು ಆ ಜೀವಿಯು ವಾಸಿಸುವ ಸ್ಥಳದಲ್ಲಿದೆ. ಸೆಖೆಯೂ ಮಳೆಯೂ ಸಮುದ್ರದ ಮಟ್ಟವೂ ಅಲ್ಲಿ ಎಷ್ಟು ಬದಲಾಗುವುವೆಂದು ಗಣಿತದಿಂದ ಅಂದಾಜು ಮಾಡಿ, ಆ ಲೆಕ್ಕವನ್ನು ಜೀವಿಯ ವಾಸಸ್ಥಾನದ ಭೂಪಟದ ಮೇಲಿಟ್ಟು ನೋಡುವರು.

ಎರಡನೆಯದಕ್ಕೆ ಜೀವಿಯ ಸ್ವಭಾವವನ್ನೇ ಬಲ್ಲವರಾಗಬೇಕು. ನಮ್ಮ ಕರಾವಳಿಯ ಮರಳಿನಲ್ಲಿಯೂ ಮೊಟ್ಟೆಯಿಡುವ ಕಡಲಾಮೆಗಳನ್ನು ನೋಡಿರಿ. ಆಮೆಯ ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಣಯಿಸುವುದು ಮೊಟ್ಟೆ ಹುದುಗಿದ ಮರಳಿನ ಕಾವು. ಸುಮಾರು 29 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಗಂಡುಹೆಣ್ಣುಗಳು ಸರಿಸಮವಾಗಿ ಹುಟ್ಟುವುವು. ಕಾವು ಏರಿದಂತೆ ಹೆಣ್ಣುಗಳೇ ಹೆಚ್ಚುವುವು. ಆಸ್ಟ್ರೇಲಿಯದ ಮಹಾ ಹವಳದ ದಿಬ್ಬದ ಉತ್ತರ ಭಾಗದಲ್ಲಿ ಹುಟ್ಟಿದ ಹಸುರು ಕಡಲಾಮೆಗಳನ್ನು ಪರೀಕ್ಷಿಸಿದಾಗ ಎಳೆಯ ಆಮೆಗಳಲ್ಲಿ ನೂರಕ್ಕೆ 99 ಹೆಣ್ಣಾಗಿದ್ದುವೆಂದು 2018ರಲ್ಲಿ ಪ್ರಕಟವಾಯಿತು. ಗಂಡುಗಳೇ ಇಲ್ಲವಾದರೆ ಆ ಸಂತತಿಯ ಗತಿಯೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕಪ್ಪೆಗಳ ಸ್ಥಿತಿ ಇನ್ನೂ ನಾಜೂಕಾದುದು. ಅವುಗಳ ಚರ್ಮವು ಉಸಿರಾಟದಲ್ಲಿ ಪಾಲುಗೊಳ್ಳುವುದರಿಂದ ಯಾವಾಗಲೂ ಹಸಿಯಾಗಿರಬೇಕು. ಮೊಟ್ಟೆಗಳಿಗೆ ಗಟ್ಟಿಯಾದ ಚಿಪ್ಪಿಲ್ಲ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲಿ ಹಲವು ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ. ಗೊದಮೊಟ್ಟೆಯಾಗಿ ನೀರಿನಲ್ಲಿ ಈಜಾಡದೆ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಮಳೆ ನಡುವೆ ಕೆಲವು ದಿನ ಕೈಕೊಟ್ಟು ಗಾಳಿಯು ಒಣಗಿತೆಂದರೆ ಮೊಟ್ಟೆಯೂ ಒಣಗಿತು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನು ಹೊತ್ತಿರುವ ಕುಣಿಯುವ ಕಪ್ಪೆಯು ಹಳ್ಳದ ಕಲ್ಲಿನ ಮೇಲೆ ಕುಳಿತು ಹಿಂಗಾಲನ್ನು ಚಾಚಿ, ಬೆರಳುಗಳನ್ನು ಹರಡಿ ಸಂಜ್ಞೆ ಮಾಡುವುದು. ಹಳ್ಳದ ನೀರು ಹದವಾಗಿ ಹರಿದರೆ ಮಾತ್ರ ಇಂಥ ಕಪ್ಪೆಗಳ ಸಂಸಾರ ಸಾಗುವುದು. 2023ರಲ್ಲಿ ಪ್ರಕಟವಾದ ಲೋಕದ ಗಣತಿಯಲ್ಲಿ 8,011 ಬಗೆಯ ಉಭಯಜೀವಿಗಳನ್ನು ಪರಿಶೀಲಿಸಿ, ಅವುಗಳಲ್ಲಿ ನೂರಕ್ಕೆ ಸುಮಾರು 41 ಅಳಿವಿನ ಭಯದಲ್ಲಿವೆಯೆಂದು ಕಂಡುಕೊಂಡರು.

ಮೂರನೆಯ ಪ್ರಶ್ನೆಯು ತಪ್ಪಿಸಿಕೊಳ್ಳುವ ಶಕ್ತಿಯದು. ಕಾಗೆಯು ಸಿಕ್ಕಿದ್ದನ್ನು ತಿನ್ನುವುದು, ಎಲ್ಲಿ ಬೇಕಾದರೂ ಗೂಡು ಕಟ್ಟುವುದು. ಅದರ ಚಿಂತೆ ನಮಗಿಲ್ಲ. ಆದರೆ ಬಾಬಾಬುಡನ್‌ಗಿರಿ, ಬ್ರಹ್ಮಗಿರಿ, ನೀಲಗಿರಿಗಳ ಶೋಲೆ ಕಾಡುಗಳಲ್ಲಿ ನೆಲದ ಸಮೀಪದಲ್ಲಿ ಬಾಳುವ ಶೋಲಾಕಿಳಿ ಎಂಬ ನೀಲವರ್ಣದ ಹಕ್ಕಿಯನ್ನು ನೋಡಿರಿ. ಸೆಖೆ ಹೆಚ್ಚಿದಂತೆ ತಂಪನ್ನು ಅರಸಿ ಮೇಲೇರುವ ಜೀವಿಗೆ ಬೆಟ್ಟದ ತುದಿಯೇ ಕಡೆಯ ಮೆಟ್ಟಲು. ಅಲ್ಲಿಂದ ಇನ್ನೊಂದು ಬೆಟ್ಟಕ್ಕೆ ಹೋಗಬೇಕಾದರೆ ನಡುವಿನ ಬಿಸಿಯಾದ ಕಣಿವೆಯನ್ನು ದಾಟಬೇಕು. ರೆಕ್ಕೆಯಿದ್ದರೂ ಅದು ಒಂದು ಬಗೆಯ ದ್ವೀಪವಾಸಿಯೇ ಸರಿ.

ಈ ಮೂರು ಉತ್ತರಗಳನ್ನು ಕೂಡಿಸಿ ನೋಡಿದಾಗ ಗಂಡಾಂತರದ ತೂಕ ತಿಳಿಯುತ್ತದೆ. ಹೀಗೆ ಲೋಕದ ಎಲ್ಲ ಹಕ್ಕಿಗಳನ್ನೂ, ಉಭಯಜೀವಿಗಳನ್ನೂ, ದಿಬ್ಬ ಕಟ್ಟುವ ಹವಳಗಳನ್ನೂ ತೂಗಿದ ಒಂದು ದೊಡ್ಡ ಪರೀಕ್ಷೆಯ ಫಲವು 2013ರಲ್ಲಿ ಹೊರಬಿತ್ತು. ಹಕ್ಕಿಗಳಲ್ಲಿ ನೂರಕ್ಕೆ 24ರಿಂದ 50, ಉಭಯಜೀವಿಗಳಲ್ಲಿ 22ರಿಂದ 44, ಹವಳಗಳಲ್ಲಿ 15ರಿಂದ 32 ಬಗೆಗಳು ಹೆಚ್ಚಿನ ಅಪಾಯಕ್ಕೆ ಪಕ್ಕಾಗಿವೆಯೆಂದು ತಿಳಿದುಬಂತು. ಲೆಕ್ಕದಲ್ಲಿ ಇಷ್ಟು ಅಂತರವೇಕೆಂದು ಯಾರಾದರೂ ಕೇಳಬಹುದು. ಅನೇಕ ಜೀವಿಗಳ ಆಹಾರ, ಸಂತಾನ, ಸಂಚಾರಗಳ ವಿಚಾರವು ಇನ್ನೂ ತಿಳಿದಿಲ್ಲ. ತಿಳಿಯದ ಕಡೆಗಳಲ್ಲಿ ಒಳ್ಳೆಯದನ್ನೇ ಊಹಿಸಿದರೆ ಚಿಕ್ಕ ಸಂಖ್ಯೆ, ಕೆಟ್ಟದ್ದನ್ನು ಊಹಿಸಿದರೆ ದೊಡ್ಡ ಸಂಖ್ಯೆ ಬರುವುದು. ಇನ್ನೊಂದು ಸಂಗತಿಯು ಇದಕ್ಕಿಂತಲೂ ಗಮನಾರ್ಹವಾದುದು. ಹೀಗೆ ಅಪಾಯಕ್ಕೆ ಗುರಿಯಾದವುಗಳಲ್ಲಿ ಬಹಳ ಮಟ್ಟಿನವು ಆಗ ಅಳಿವಿನ ಪಟ್ಟಿಯಲ್ಲಿ ಇರಲೇ ಇಲ್ಲ. ಇಂದು ಹೇರಳವಾಗಿರುವುದು ನಾಳೆಯೂ ಉಳಿದೀತೆಂದು ನಿಶ್ಚಿಂತರಾಗುವಂತಿಲ್ಲ.

ಆದರೆ ತೂಗಿ ನೋಡಿದ ಮಾತ್ರಕ್ಕೆ ಯಾವ ಜೀವಿಯೂ ಬದುಕದು. ಆಸ್ಟ್ರೇಲಿಯಕ್ಕೂ ನ್ಯೂಗಿನಿಗೂ ನಡುವಣ ಟಾರಸ್ ಜಲಸಂಧಿಯಲ್ಲಿ ಬ್ರಾಂಬಲ್ ಕೇ ಎಂಬ ಪುಟ್ಟ ಮರಳ ದ್ವೀಪವಿದೆ. ಅದರ ವಿಸ್ತಾರ ಸುಮಾರು 4 ಹೆಕ್ಟೇರು, ಎತ್ತರ ಸುಮಾರು 3 ಮೀಟರು. ಮೆಲೊಮಿಸ್ ಎಂಬ ಕುಲದ ಒಂದು ಇಲಿಯು ಆ ದ್ವೀಪವೊಂದರಲ್ಲಿಯೇ ಕಂಡುಬಂದಿತ್ತು. ಮೇಲಿನ ಮೂರು ಪ್ರಶ್ನೆಗಳಿಗೂ ಅದರ ಉತ್ತರ ಕೆಟ್ಟದ್ದೇ: ಕಡಲು ಏರಿ ದ್ವೀಪವನ್ನು ಮುಟ್ಟಿತು, ಉಪ್ಪುನೀರು ನುಗ್ಗಿ ಅದರ ಆಹಾರವಾದ ಗಿಡಬಳ್ಳಿಗಳು ಸತ್ತುವು, ಓಡಿಹೋಗಲು ಬೇರೆ ನೆಲವಿರಲಿಲ್ಲ. ಅದನ್ನು ಉಳಿಸುವ ಯೋಜನೆಯೊಂದನ್ನು 2008ರಲ್ಲಿಯೇ ಬರೆದಿದ್ದರು. ಇಲಿಯು ಕಡೆಯದಾಗಿ ಮನುಷ್ಯರ ಕಣ್ಣಿಗೆ ಬಿದ್ದುದು 2009ರಲ್ಲಿ. 2014ರಲ್ಲಿ ಬೋನುಗಳನ್ನಿಟ್ಟು ಹುಡುಕಿದಾಗ ಒಂದೂ ಸಿಗಲಿಲ್ಲ. ಅದು ನಿರ್ವಂಶವಾಯಿತೆಂದು ಆಸ್ಟ್ರೇಲಿಯದ ಸರಕಾರವು 2019ರಲ್ಲಿ ಸಾರಿತು. ಹವಾಗುಣದ ಮಾರ್ಪಾಟಿನಿಂದ ಅಳಿದ ಮೊದಲನೆಯ ಸ್ತನಿಯೆಂದು ಆ ಬಡ ಇಲಿಯ ಹೆಸರು ಉಳಿದಿದೆ. ಅಪಾಯವನ್ನು ಅರಿತವರಿದ್ದರು, ಕೆಲವು ಜೊತೆಗಳನ್ನು ಹಿಡಿದು ತಂದು ಬೇರೆಡೆಯಲ್ಲಿ ಸಾಕುವ ಕೆಲಸ ಮಾತ್ರ ಸಮಯಕ್ಕೆ ಸರಿಯಾಗಿ ನಡೆಯಲಿಲ್ಲ.

ಆದುದರಿಂದ ಈ ತೂಕದ ಉದ್ದೇಶವು ಭಯ ಹುಟ್ಟಿಸುವುದಲ್ಲ, ಕೆಲಸದ ಸರದಿಯನ್ನು ಗೊತ್ತುಮಾಡುವುದು. ಎಲ್ಲಿ ಎರಡು ಕಾಡುಗಳ ನಡುವೆ ಮರಗಳ ಸಾಲನ್ನು ಉಳಿಸಬೇಕು, ಎಲ್ಲಿ ಹಳ್ಳದ ನೀರನ್ನು ತಿರುಗಿಸದೆ ಬಿಡಬೇಕು, ಎಲ್ಲಿ ಆಮೆಯ ಗೂಡಿಗೆ ನೆರಳು ಕಟ್ಟಬೇಕು ಎಂಬುದು ಅದರಿಂದ ತಿಳಿಯುವುದು. ಕೈಯಲ್ಲಿರುವ ಹಣವೂ ಜನರೂ ಸ್ವಲ್ಪವಾದಾಗ ಸರದಿ ತಪ್ಪಬಾರದು.

ನಮ್ಮ ಶಾಲೆಯಿಂದ ಹೊರಟವರು ಘಟ್ಟದ ಮೇಲೂ ಕಡಲ ತೀರದಲ್ಲಿಯೂ ಮನೆ ಮಾಡಿಕೊಂಡಿರುವರು. ಮೊದಲ ಮಳೆ ಬಿದ್ದ ದಿನ, ಕಪ್ಪೆಗಳು ಮೊದಲು ಕೂಗಿದ ರಾತ್ರಿ, ಮಾವು ಹೂಬಿಟ್ಟ ವಾರ, ಆಮೆಯ ಹೆಜ್ಜೆ ಕಂಡ ಬೆಳಗು, ಇವನ್ನು ಒಂದು ಪುಸ್ತಕದಲ್ಲಿ ತಾರೀಕಿನೊಡನೆ ಬರೆದಿಡುವುದು ಯಾವ ಗೃಹಿಣಿಗೂ ಯಾವ ಬಾಲಿಕೆಗೂ ಅಸಾಧ್ಯವಲ್ಲ. ಹತ್ತಿಪ್ಪತ್ತು ವರ್ಷ ಬಿಡದೆ ಬರೆದ ಅಂಥ ಪುಸ್ತಕವು ಆ ಊರಿನ ಜೀವಿಗಳ ವಿಷಯದಲ್ಲಿ ಶಾಸ್ತ್ರಜ್ಞರ ಲೆಕ್ಕದಲ್ಲಿರುವ ಎಷ್ಟೋ ಖಾಲಿ ಮನೆಗಳನ್ನು ತುಂಬಬಲ್ಲದು. ತಾಯಂದಿರು ಈ ವರ್ಷವೇ ಇದನ್ನು ಮಕ್ಕಳ ಕೈಯಿಂದ ಆರಂಭ ಮಾಡಿಸಬೇಕೆಂದು ನಮ್ಮ ವಿಜ್ಞಾಪನೆ.