ದನದ ದವಾಖಾನೆ ಖರ್ಚಿಗೂ ಕಿಸಾನ್ ಕಾರ್ಡ್

ಕಿಸಾನ್ ಕ್ರೆಡಿಟ್ ಕಾರ್ಡ್ ಅಂದರೆ ನಮ್ಮ ಕಡೆ ಕಬ್ಬಿನ ಸಾಲ ಎಂದೇ ಲೆಕ್ಕ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ರೈತರು ಬೀಜ-ಗೊಬ್ಬರಕ್ಕೆಂದು ಅದನ್ನು ಎತ್ತುತ್ತಾರೆ, ಕಾರ್ಖಾನೆಯ ಬಿಲ್ಲು ಬಂದಾಗ ತುಂಬುತ್ತಾರೆ. ಆದರೆ ಮನೆಯ ಎಮ್ಮೆಗೆ ಕೆಚ್ಚಲು ಬಾವು ಬಂದರೆ, ಆಕಳು ಕರು ಹಾಕಲಾಗದೆ ನರಳಿದರೆ, ಔಷಧದ ದುಡ್ಡಿಗೆ ಅದೇ ರೈತ ಕೈಗಡಕ್ಕೆ ಹೊರಡುತ್ತಾನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೂ ಒಪ್ಪುತ್ತಾನೆ, ಏಕೆಂದರೆ ದನ ನಾಳೆಯವರೆಗೆ ಕಾಯುವುದಿಲ್ಲ.

ಹಾಗೆ ಹೊರಡಬೇಕಾದ ಅಗತ್ಯ ಈಗಿಲ್ಲ. 1998ರಲ್ಲಿ ಬೆಳೆ ಸಾಲಕ್ಕೆಂದು ಶುರುವಾದ ಈ ಕಾರ್ಡನ್ನು 2018-19ರಲ್ಲಿ ಪಶುಸಂಗೋಪನೆ ಮತ್ತು ಮೀನುಗಾರಿಕೆಗೂ ವಿಸ್ತರಿಸಲಾಯಿತು. ರಿಸರ್ವ್ ಬ್ಯಾಂಕು 2019ರ ಫೆಬ್ರುವರಿ 4ರಂದು ಹೊರಡಿಸಿದ ಸುತ್ತೋಲೆಯಲ್ಲಿ ಈ ಸಾಲ ಯಾವ ಖರ್ಚಿಗೆ ಎಂಬ ಪಟ್ಟಿ ಇದೆ: ಮೇವು, ಪಶುವೈದ್ಯಕೀಯ ನೆರವು, ಕೂಲಿ, ನೀರು, ವಿದ್ಯುತ್ತು. ಅಂದರೆ ಡಾಕ್ಟರ ಖರ್ಚು, ಔಷಧದ ಖರ್ಚು ಇದರಲ್ಲಿ ಸೇರಿದೆ. ಹಸು ಕೊಳ್ಳುವುದಕ್ಕೆ, ಶೆಡ್ಡು ಕಟ್ಟುವುದಕ್ಕೆ ಕೊಡುವ ಅವಧಿ ಸಾಲ ಬೇರೆ. ಇದು ದನ ಸಾಕುವ ದಿನನಿತ್ಯದ ವೆಚ್ಚಕ್ಕೆ ಸಿಗುವ ದುಡ್ಡು.

ಇನ್ನೊಂದು ಸಂಗತಿ ಇದಕ್ಕಿಂತ ಕಡಿಮೆ ಜನರಿಗೆ ಗೊತ್ತು. ಈ ಕಾರ್ಡಿಗೆ ಹೊಲ ಇರಲೇಬೇಕೆಂದಿಲ್ಲ. ಸ್ವಂತದ್ದೋ ಬಾಡಿಗೆಯದೋ ಒಂದು ಕೊಟ್ಟಿಗೆ, ಅದರಲ್ಲಿ ದನ, ಇಷ್ಟಿದ್ದರೆ ಹೈನುಗಾರ ಅರ್ಹ. ಒಬ್ಬರೇ ಅರ್ಜಿ ಹಾಕಬಹುದು, ಇಬ್ಬರು ಜಂಟಿಯಾಗಿ ಹಾಕಬಹುದು, ಸ್ವಸಹಾಯ ಸಂಘದ ಮೂಲಕವೂ ಪಡೆಯಬಹುದು. ಬನಹಟ್ಟಿಯಲ್ಲಿ ಮಗ್ಗದ ದುಡಿಮೆಯ ಜೊತೆಗೆ ಒಂದೆರಡು ಎಮ್ಮೆ ಕಟ್ಟಿಕೊಂಡ ನೇಕಾರರಿಗೂ, ಬೀಳಗಿ ಕಡೆಯ ಕುರಿಗಾರರಿಗೂ ಇದು ಅನ್ವಯಿಸುತ್ತದೆ. ಕೋಳಿ, ಆಡು, ಹಂದಿ, ಮೊಲ ಸಾಕುವವರೂ ಪಟ್ಟಿಯಲ್ಲಿದ್ದಾರೆ. ಉತಾರ ಇಲ್ಲದವನಿಗೆ ಕಿಸಾನ್ ಕಾರ್ಡ್ ಎಲ್ಲಿಯದು ಎಂದು ಸುಮ್ಮನೆ ಕುಳಿತ ಮನೆಗಳು ನಮ್ಮಲ್ಲಿ ಬಹಳ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಎಷ್ಟು ಸಿಗುತ್ತದೆ ಎಂಬುದನ್ನು ಬ್ಯಾಂಕ್ ಮ್ಯಾನೇಜರು ತಮ್ಮ ಮನಸ್ಸಿಗೆ ಬಂದಂತೆ ಹೇಳುವಂತಿಲ್ಲ. ಒಂದು ಎಮ್ಮೆಗೆ ಇಷ್ಟು, ಒಂದು ಮಿಶ್ರತಳಿ ಆಕಳಿಗೆ ಇಷ್ಟು, ಇಷ್ಟು ಕುರಿಗಳಿಗೆ ಇಷ್ಟು ಎಂದು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಸ್ಥಳೀಯ ಖರ್ಚು ನೋಡಿ ದರ ಗೊತ್ತುಮಾಡುತ್ತದೆ. ಬಾಗಲಕೋಟೆ ಜಿಲ್ಲೆಯ ಆ ವರ್ಷದ ದರ ಎಷ್ಟೆಂದು ಶಾಖೆಯಲ್ಲಿ ಕೇಳಿ, ನಿಮ್ಮ ದನಗಳ ಸಂಖ್ಯೆಯಿಂದ ಗುಣಿಸಿದರೆ ನಿಮ್ಮ ಮಿತಿ ಸಿಗುತ್ತದೆ. ಮನೆಯಿಂದ ಹೊರಡುವ ಮೊದಲೇ ಈ ಲೆಕ್ಕ ಗೊತ್ತಿದ್ದರೆ ಮಾತು ಬೇಗ ಮುಗಿಯುತ್ತದೆ.

ಅರ್ಜಿ ದೊಡ್ಡದಲ್ಲ. ಆಧಾರ್, ಪಾಸ್‌ಬುಕ್ಕು, ಫೋಟೊ, ಜೊತೆಗೆ ಇಷ್ಟು ದನ ಇವೆ ಎಂದು ಪಶುವೈದ್ಯಾಧಿಕಾರಿಗಳು ಕೊಡುವ ದೃಢೀಕರಣ. ದನದ ಕಿವಿಯಲ್ಲಿ ಹಳದಿ ಓಲೆ, ಅಂದರೆ 12 ಅಂಕಿಯ ಗುರುತಿನ ಸಂಖ್ಯೆ, ಇದ್ದರೆ ಕೆಲಸ ಸಲೀಸು. ಹಾಲಿನ ಸೊಸೈಟಿಯ ಸದಸ್ಯರಾಗಿದ್ದರೆ ಅಲ್ಲಿಯ ಕಾರ್ಯದರ್ಶಿಯಿಂದ ಹಾಲು ಹಾಕಿದ ಲೆಕ್ಕದ ಪ್ರತಿ ಒಯ್ಯಿರಿ. ಬ್ಯಾಂಕಿನವರು ನೋಡುವುದೇ ತುಂಬುವ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು, ಅದಕ್ಕೆ ಹಾಲಿನ ಬಿಲ್ಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ, ಪಶುಸಂಗೋಪನೆಯೂ ಅದರಲ್ಲಿ ಸೇರುತ್ತದೆ. ಮೊದಲು ಈ ಮಿತಿ 1.60 ಲಕ್ಷ ಇತ್ತು. ಈಗಾಗಲೇ ಕಬ್ಬಿನ ಸಾಲದ ಕಾರ್ಡ್ ಇದ್ದವರು ಹೊಸದಾಗಿ ಶುರುಮಾಡಬೇಕಿಲ್ಲ, ಅದೇ ಶಾಖೆಯಲ್ಲಿ ದನದ ಬಾಬತ್ತನ್ನು ಸೇರಿಸಿ ಮಿತಿ ಏರಿಸಿ ಎಂದು ಅರ್ಜಿ ಕೊಟ್ಟರೆ ಸಾಕು.

ಇನ್ನು ಬಡ್ಡಿ. ಕೇಂದ್ರ ಸರ್ಕಾರದ ಬಡ್ಡಿ ರಿಯಾಯಿತಿ ಇರುವ ಮಿತಿಯೊಳಗೆ ದರ ವರ್ಷಕ್ಕೆ ಶೇ 7. ಹೇಳಿದ ಗಡುವಿನೊಳಗೆ ತುಂಬಿದರೆ ಶೇ 3 ವಾಪಸು, ಹಾಗಾಗಿ ಕೊನೆಗೆ ಬೀಳುವುದು ಶೇ 4. ಪಶುಸಂಗೋಪನೆಗಷ್ಟೇ ತೆಗೆದ ಸಾಲಕ್ಕೆ ಈ ರಿಯಾಯಿತಿ 2 ಲಕ್ಷದವರೆಗೆ ಮಾತ್ರ. ಪಿಕೆಪಿಎಸ್, ಅಂದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕ ಪಡೆಯುವವರು ರಾಜ್ಯ ಸರ್ಕಾರದ ಪ್ರತ್ಯೇಕ ರಿಯಾಯಿತಿ ತಮಗೆ ಅನ್ವಯಿಸುತ್ತದೆಯೇ ಎಂದು ಅಲ್ಲಿಯೇ ವಿಚಾರಿಸಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಗರ್ಭಕೋಶ ತಿರುಚಿಕೊಂಡ ಎಮ್ಮೆಗೆ ಔಷಧ, ಸಲಾಯಿನ್, ಗಾಡಿ ಬಾಡಿಗೆ ಎಲ್ಲ ಸೇರಿ 12,000 ರೂಪಾಯಿ ಬಂತೆನ್ನಿ, ಅದನ್ನು ಆರು ತಿಂಗಳಿಗೆ ತೀರಿಸುತ್ತೀರಿ. ಶೇ 7ರ ದರದಲ್ಲಿ ಬಡ್ಡಿ 420 ರೂಪಾಯಿ, ಸಕಾಲದ ರಿಯಾಯಿತಿ ಬಂದರೆ 240. ನೂರಕ್ಕೆ ಮೂರರ ಕೈಗಡವಾದರೆ 2,160. ಪೇಟೆಯ ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿ, ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರಂತೆ 2,520, ಅದರ ಮೇಲೆ ಜಿಎಸ್‌ಟಿ ಬೇರೆ.

ಕಾರ್ಡ್ ಕೈಗೆ ಬಂದ ಮೇಲೆ ಅದನ್ನು ಹೇಗೆ ಬಳಸುತ್ತೇವೆ ಎಂಬಲ್ಲೇ ಹೆಚ್ಚಿನವರು ಎಡವುವುದು. ಬೆಳೆ ಸಾಲವನ್ನು ಒಂದೇ ಸಲಕ್ಕೆ ಎತ್ತುವ ರೂಢಿ ನಮ್ಮದು. ಕಬ್ಬಿನ ಆದಾಯ ಬರುವುದೂ ವರ್ಷಕ್ಕೊಂದು ಸಲವಾದ್ದರಿಂದ ಅದು ಹೊಂದುತ್ತದೆ. ದನದ ಕಾರ್ಡ್ ಹಾಗಲ್ಲ. ಇದು ತೆಗೆದು-ತುಂಬಿ-ಮತ್ತೆ ತೆಗೆಯುವ ಖಾತೆ. 60,000 ಮಿತಿ ಇದೆ, 8,000 ತೆಗೆದಿರಿ ಎಂದರೆ ಬಡ್ಡಿ ಓಡುವುದು 8,000ದ ಮೇಲೆ ಮಾತ್ರ. ಹಾಲಿನ ಬಿಲ್ಲಿನಲ್ಲಿ 3,000 ತುಂಬಿದರೆ ಮರುದಿನದಿಂದ ಬಡ್ಡಿ 5,000ಕ್ಕೆ, ತುಂಬಿದ 3,000 ಮತ್ತೆ ನಿಮ್ಮ ಕೈಗೆ ಸಿಗುವಂತಿರುತ್ತದೆ. ಮೊದಲ ದಿನವೇ ಪೂರ್ತಿ 60,000 ಎತ್ತಿ ಮಗಳ ಮದುವೆಗೋ ಹಳೆಯ ಸಾಲಕ್ಕೋ ಹಾಕಿದವರಿಗೆ, ದನ ಮಲಗಿದ ದಿನ ಆ ಕಾರ್ಡಿನಲ್ಲಿ ಒಂದು ರೂಪಾಯಿಯೂ ಇರುವುದಿಲ್ಲ. ನನ್ನ ಸ್ಪಷ್ಟ ಅಭಿಪ್ರಾಯ: ಮಿತಿಯ ಮೂರನೇ ಒಂದು ಭಾಗವನ್ನಾದರೂ ಮುಟ್ಟದೆ ಇಡಬೇಕು, ಅದು ರೋಗದ ಪಾಲು. ಹಿಂಡಿ, ಕಣಿಕೆಗೆ ಉಳಿದದ್ದನ್ನು ಬಳಸಿರಿ. ರೂಪೇ ಕಾರ್ಡನ್ನು ಪಡೆದು ಚಾಲೂ ಮಾಡಿಸಿಕೊಳ್ಳುವುದನ್ನೂ ಮರೆಯಬಾರದು. ರಾತ್ರಿ ಹತ್ತಕ್ಕೆ ಎಟಿಎಂನಿಂದ ಔಷಧದ ಹಣ ತೆಗೆಯಬೇಕಾದಾಗ ಅದೇ ಕೆಲಸಕ್ಕೆ ಬರುವುದು.

ಖರ್ಚು ಯಾವಾಗ ಬೀಳುತ್ತದೆ ಎಂಬುದನ್ನೂ ಒಂದಿಷ್ಟು ಮೊದಲೇ ಅಂದಾಜು ಮಾಡಬಹುದು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಗೋದಲಿಯ ತುಂಬ ಹಸಿರು ಸೋಗೆ. ಬಿಟ್ಟಿಯಾಗಿ ಸಿಗುವ ಮೇವು ನಿಜ, ಆದರೆ ಸೋಗೆಯಲ್ಲಿ ಆಕ್ಸಲೇಟ್ ಇರುತ್ತದೆ, ಅದು ದನದ ಮೈಗೆ ಸೇರಬೇಕಾದ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಬರೀ ಸೋಗೆ ತಿಂದು ಕರು ಹಾಕಿದ ಆಕಳು ಹಾಲು ಜ್ವರದಿಂದ ಕುತ್ತಿಗೆ ಒಂದು ಪಕ್ಕಕ್ಕೆ ತಿರುಗಿಸಿ ಮಲಗಿಬಿಟ್ಟರೆ ನರಕ್ಕೆ ಕ್ಯಾಲ್ಸಿಯಂ ಏರಿಸಬೇಕಾಗುತ್ತದೆ. ಅದನ್ನು ಡಾಕ್ಟರೇ ನಿಧಾನಕ್ಕೆ ಏರಿಸಬೇಕು, ರಭಸದಿಂದ ಬಿಟ್ಟರೆ ಹೃದಯಕ್ಕೆ ಅಪಾಯ. ಖನಿಜ ಮಿಶ್ರಣದ ಒಂದು ಪೊಟ್ಟಣದ ಬೆಲೆ ಆ ಚಿಕಿತ್ಸೆಯ ಮುಂದೆ ಏನೂ ಅಲ್ಲ, ಅದನ್ನು ಕೊಳ್ಳುವುದಕ್ಕೂ ಈ ಕಾರ್ಡ್ ಆಗುತ್ತದೆ. ಮಿಶ್ರತಳಿ ಆಕಳಿಗೆ ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರದ ಇಂಜೆಕ್ಷನ್ ದುಬಾರಿ. ಮಳೆಗಾಲದ ತೇವದಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ. ನೆರೆ ಬಂದರಂತೂ ದನದ ಖರ್ಚು ಇನ್ನೂ ಹೆಚ್ಚು: 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಹೊಳೆದಂಡೆಯ ಊರುಗಳು ಕಂಡದ್ದನ್ನು ಯಾರೂ ಮರೆತಿಲ್ಲ.

ಎಲ್ಲದಕ್ಕೂ ಸಾಲವೇ ಬೇಕೆಂದೇನಿಲ್ಲ. ಸರ್ಕಾರಿ ಪಶು ಆಸ್ಪತ್ರೆ ಇದೆ, 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ಇದೆ, ಮೊದಲು ಅದನ್ನೇ ನೋಡಬೇಕು. ಆಸ್ಪತ್ರೆಯಲ್ಲಿ ದಾಸ್ತಾನಿಲ್ಲದ ಔಷಧಕ್ಕೆ ಚೀಟಿ ಬರೆದುಕೊಟ್ಟಾಗ ಕಾರ್ಡ್ ಬಳಸಿರಿ. ಬಿಲ್ಲು ಕೇಳಿ ಪಡೆದು ಒಂದು ಕಡೆ ಕೂಡಿಡಿ, ವರ್ಷಕ್ಕೊಮ್ಮೆ ಖಾತೆ ಪರಿಶೀಲನೆಗೆ ಬಂದಾಗ ಮಿತಿ ಏರಿಸಿಕೊಳ್ಳಲು ಅವು ನೆರವಾಗುತ್ತವೆ.

ಜಾನುವಾರು ವಿಮೆಯನ್ನೂ ಇದನ್ನೂ ಒಂದೇ ಎಂದು ತಿಳಿಯಬಾರದು. ವಿಮೆ ದನ ಸತ್ತರೆ ದುಡ್ಡು ಕೊಡುತ್ತದೆ, ಚಿಕಿತ್ಸೆಗೆ ಕೊಡುವುದಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 2024ರಿಂದ ಕಂತಿನಲ್ಲಿ ರೈತರ ಪಾಲು ಶೇ 15ಕ್ಕೆ ಇಳಿದಿದೆ, ಉಳಿದದ್ದನ್ನು ಸರ್ಕಾರಗಳು ಕಟ್ಟುತ್ತವೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯ ಸರ್ಕಾರ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಎತ್ತಿನ ಜೋಡಿಯ ಇಂದಿನ ಬೆಲೆ ಬಲ್ಲವರಿಗೆ ಆ ಮೊತ್ತ ಎಷ್ಟರಮಟ್ಟಿಗೆ ಸಾಕಾಗುತ್ತದೆ ಎಂದು ಹೇಳಬೇಕಾಗಿಲ್ಲ. ಅದಕ್ಕೇ ಎರಡೂ ಬೇಕು: ಬದುಕಿಸಲು ಕಾರ್ಡ್, ಕೈಮೀರಿದರೆ ವಿಮೆ.

ಬ್ಯಾಂಕಿನವರು ಇಂಥ ಯೋಜನೆಯೇ ಇಲ್ಲ ಎಂದು ಕಳಿಸಿದರೆ ವಾದ ಬೇಡ. ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ, ತಾರೀಖು ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ನಂತರ ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ದೂರು ಕೊಡಬಹುದು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಇಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ವಿಲೀನಗೊಂಡು ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆಯ ಹೆಸರಿನ ಪಾಸ್‌ಬುಕ್ಕು ಇರುವವರು ಅರ್ಜಿಯಲ್ಲಿ ಹೊಸ ಹೆಸರನ್ನೇ ಬರೆಯಬೇಕು.

ಈ ಸೀಮೆಯಲ್ಲಿ ಒಂದು ಪ್ರಾಣಿ ಮಾತ್ರ ಈ ಕಾರ್ಡಿನ ಹೊರಗೆ ಉಳಿದಿದೆ, ಅದು ಮುಧೋಳ ನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೇನೆ ಮೀರತ್‌ನ ಕೇಂದ್ರಕ್ಕೆ ಒಯ್ದು ತರಬೇತಿ ಕೊಟ್ಟಿತು, ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ. ಮರಿ ಮಾರಿ ಬದುಕುವ ಮನೆಗಳು ಸುತ್ತಲಿನ ಹಳ್ಳಿಗಳಲ್ಲಿವೆ. ಆದರೂ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಹಾಲು ಕೊಡುವ ದನವಿದೆ, ಮೊಲವಿದೆ, ನಾಯಿ ಇಲ್ಲ. ಮುಧೋಳದ ಮಟ್ಟಿಗಾದರೂ ಇದು ಸೇರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ದನದ ಹೆಸರಿನಲ್ಲಿ ತೆಗೆದ ದುಡ್ಡನ್ನು ನಾಯಿಗೆ ಹಾಕುವ ದಾರಿ ಮಾತ್ರ ಹಿಡಿಯಬೇಡಿ.

ನಾಯಿ ಸಾಕಿದವರ ಮುಂದೆ ಈಗ ನಗರದ ಕ್ಲಿನಿಕ್ಕುಗಳು ಇಡುವುದು ಇಎಂಐ ಮತ್ತು ಕ್ರೆಡಿಟ್ ಕಾರ್ಡ್. ಅಮೆರಿಕದಲ್ಲಿ ಮನುಷ್ಯರ ಹಲ್ಲಿನ ಚಿಕಿತ್ಸೆಗೂ ನಾಯಿಯ ಶಸ್ತ್ರಚಿಕಿತ್ಸೆಗೂ ಬಳಸುವ ವೈದ್ಯಕೀಯ ಕ್ರೆಡಿಟ್ ಕಾರ್ಡುಗಳೇ ಇವೆ. ಕೇರ್‌ಕ್ರೆಡಿಟ್ ಅವುಗಳಲ್ಲಿ ಹೆಸರಾದದ್ದು, 1987ರಿಂದ ಇದೆ. ಆರು ತಿಂಗಳು, ಹನ್ನೆರಡು ತಿಂಗಳು ಬಡ್ಡಿ ಇಲ್ಲ ಎನ್ನುತ್ತಾರೆ. ಗಡುವು ಮುಗಿದ ದಿನ ನೂರು ಡಾಲರ್ ಬಾಕಿ ಇದ್ದರೂ ಮೊದಲ ದಿನದಿಂದ ಲೆಕ್ಕ ಹಾಕಿದ ಬಡ್ಡಿ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಈ ಷರತ್ತನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು 2013ರಲ್ಲಿ ಅಲ್ಲಿಯ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 3.41 ಕೋಟಿ ಡಾಲರ್‌ವರೆಗೆ ಮರಳಿಸಲು ಆದೇಶ ಮಾಡಿತು. ಮಗ-ಸೊಸೆ ಅಲ್ಲಿದ್ದು ನಾಯಿ ಸಾಕಿದ್ದರೆ ಅವರಿಗೂ ಇದನ್ನು ತಿಳಿಸಿ.

ನಮ್ಮಲ್ಲಿ ಬಡ್ಡಿ ಇಲ್ಲದ ಇಎಂಐ ಎಂದಾಗ ಸಹಿಗೆ ಮೊದಲು ಕೇಳಬೇಕಾದ್ದು: ಪ್ರೊಸೆಸಿಂಗ್ ಶುಲ್ಕ ಎಷ್ಟು, ಒಂದು ಕಂತು ತಪ್ಪಿದರೆ ದಂಡ ಎಷ್ಟು, ನಗದು ಕೊಟ್ಟರೆ ಬಿಲ್ಲು ಕಡಿಮೆಯಾಗುತ್ತದೆಯೇ. ಕೊನೆಯದಕ್ಕೆ ಹೌದು ಎಂದರೆ ಬಡ್ಡಿ ಬಿಲ್ಲಿನಲ್ಲೇ ಸೇರಿದೆ ಎಂದರ್ಥ. ಇಂಥ ದೊಡ್ಡ ಬಿಲ್ಲು ತರುವ ರೋಗಗಳಲ್ಲೊಂದು ಪಾರ್ವೊ: ನಾಯಿಮರಿಗಳಿಗೆ ಅದು ಬಂದರೆ ದಿನಗಟ್ಟಲೆ ಸಲಾಯಿನ್ ಏರಿಸಬೇಕು, ಒಂದು ಸೂಲಿನ ಮರಿಗಳೆಲ್ಲ ಒಟ್ಟಿಗೇ ಮಲಗುತ್ತವೆ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಹಾಕಿಸಿ, ಡಾಕ್ಟರು ಹೇಳಿದ ತಾರೀಖಿಗೆ ಮುಂದಿನ ಡೋಸುಗಳನ್ನು ತಪ್ಪದೆ ಕೊಡಿಸಿದರೆ ಆ ಬಿಲ್ಲು ಬರುವ ಸಂಭವವೇ ತೀರಾ ಕಡಿಮೆ.